ಊರಿನ ಮೋಟಾರಿಗೆ ಕಾಯಿಲ್ ಕಟ್ಟಿದ್ದು

ಮಗಳಿಗೆ ಹೆಣ್ಣು ಕೂಸು ಹುಟ್ಟಿ ಇವತ್ತಿಗೆ ಹದಿನೇಳು ದಿನ. ನಾನು ಅಜ್ಜಿಯಾದೆ. ಹಾಲಿನವಳಿಗೆ, ಬಸ್ ಕಂಡಕ್ಟರಿಗೆ, ಕರೆಂಟ್ ರೀಡಿಂಗ್ ನೋಡಲು ಬಂದವನಿಗೆ, ಎಲ್ಲರಿಗೂ ಹೇಳಿಯಾಯಿತು, ಆದರೂ ಹೇಳಿ ಮುಗಿದ ಹಾಗೆ ಅನ್ನಿಸುವುದಿಲ್ಲ. ಕೂಸು ಅತ್ತರೆ ಬೀದಿಯ ಆ ತುದಿಗೆ ಕೇಳುತ್ತದೆ. ನೋಡಲು ಬಂದ ನೆಂಟರಾಕೆ ಹೆಣ್ಣು ಕೂಸಿಗೆ ಇಷ್ಟು ದೊಡ್ಡ ಗಂಟಲು ಏಕೆ ಎಂದಳು. ಇರಲಿ ಬಿಡು, ಬೇಕಾಗುತ್ತದೆ ಎಂದು ನಕ್ಕೆ. ನಕ್ಕಿದ್ದೇನೋ ಹೌದು, ಆದರೆ ಮನಸ್ಸು ಅಲ್ಲಿ ನಿಲ್ಲಲಿಲ್ಲ. ಇಪ್ಪತ್ತು ವರ್ಷಕ್ಕೂ ಹಿಂದಕ್ಕೆ ಹೋಗಿ ಊರಿನ ಮೋಟಾರಿನ ಪಕ್ಕ ಕೂತುಬಿಟ್ಟಿತು. ಆ ನಾಲ್ಕು ವಾರದ ಕಥೆ ಬರೆಯದೆ ಅದು ಎದ್ದು ಬರುವ ಹಾಗಿಲ್ಲ.

ನಾನು ಓದಿದ್ದು ನಾಲ್ಕನೇ ಕ್ಲಾಸು, ಅದೂ ತಮಿಳಿನಲ್ಲಿ. ಕನ್ನಡ ನಮ್ಮ ಮನೆಯೊಳಗಿನ ಮಾತು, ಅಕ್ಷರ ಗೊತ್ತಿರಲಿಲ್ಲ. ಸೊಸೆ ಚಾಮರಾಜನಗರದ ಕಡೆಯವಳು. ಅವಳು ಬಂದ ಮೇಲೆ ಕಲಿತೆ. ಮುಂದೆ ಹೇಳುವ ಊರುಕೂಟದಲ್ಲಿ ನಡೆದದ್ದೆಲ್ಲ ತಮಿಳಿನ ಮಾತು. ಅದನ್ನು ನಮ್ಮ ಮನೆಮಾತಿಗೆ ತಂದು ಬರೆದಿದ್ದೇನೆ. ಮಾತಿನ ಕೊನೆಗೆ ಮರ್ಯಾದೆಗೆಂದು ಸೇರಿಸುವ ‘ಇಂಗ’, ‘ಆಂಗ’, ಹೆಣ್ಣುಮಗಳನ್ನು ಅಕ್ಕರೆಯಿಂದ ಕರೆಯುವ ‘ಕಣ್ಣು’, ‘ಅಮ್ಮಿಣಿ’ ಮಾತ್ರ ಹಾಗೆಯೇ ಇವೆ.

ಸೂಲೂರಿನಿಂದ ಪಲ್ಲಡಂ ಕಡೆಗೆ ಹೋಗುವ ದಾರಿಯಲ್ಲಿ ಒಳಕ್ಕೆ ತಿರುಗಿದರೆ ನಮ್ಮೂರು. ಊರಿಗೆಲ್ಲ ಒಂದೇ ಬೋರು. ಅದರೊಳಗೆ ನೀರಿನಲ್ಲಿ ಮುಳುಗಿಕೊಂಡೇ ಓಡುವ ಮೋಟಾರು, ಮೇಲೆ ತೊಟ್ಟಿ, ತೊಟ್ಟಿಯಿಂದ ಮೂರು ಬೀದಿ ನಲ್ಲಿ. ಆ ಬೇಸಿಗೆಯಲ್ಲಿ ಮೋಟಾರು ನಾಲ್ಕು ಸಲ ಸುಟ್ಟಿತು. ಸುಟ್ಟಾಗಲೆಲ್ಲ ಅದನ್ನು ಎತ್ತಿ ಟೌನಿನ ಅಂಗಡಿಗೆ ಕಳಿಸುತ್ತಿದ್ದರು. ಅಲ್ಲಿ ಕಾಯಿಲ್ ಕಟ್ಟಿ, ಅಂದರೆ ಒಳಗಿನ ಸುಟ್ಟ ತಂತಿ ಕಿತ್ತು ಹೊಸದು ಸುತ್ತಿ, ಕಳಿಸುವುದಕ್ಕೆ ಹದಿನೈದು ದಿನ. ತಂದು ಇಳಿಸಿದರೆ ಎರಡು ವಾರ ಓಡಿ ಮತ್ತೆ ಸುಡುತ್ತಿತ್ತು. ಆ ಹದಿನೈದು ದಿನವೂ ಹೆಂಗಸರು ಒಂದು ಮೈಲಿ ಆಚೆಯ ತೋಟದ ಬಾವಿಗೆ ನಡೆಯಬೇಕು. ತೋಟದವರಿಗೆ ಕರೆಂಟ್ ಬಂದಾಗ ಮಾತ್ರ ಅಲ್ಲಿ ನೀರು. ಕರೆಂಟ್ ಯಾವಾಗ ಬರುತ್ತದೋ ಅಲ್ಲಿಯವರೆಗೆ ಕೊಡದ ಮೇಲೆ ಕೊಡ ಇಟ್ಟುಕೊಂಡು ಬಿಸಿಲಿನಲ್ಲಿ ಕೂತಿರುವುದು. ತುಂಬು ಬಸುರಿಯರೂ ಹೊತ್ತಿದ್ದಾರೆ. ನಾನು ಎರಡು ವರ್ಷದ ಮಗಳನ್ನು, ಈಗ ಬಾಣಂತಿಯಾಗಿ ಒಳಗೆ ಮಲಗಿದ್ದಾಳಲ್ಲ ಅವಳನ್ನೇ, ಒಂದು ಸೊಂಟದಲ್ಲಿ, ಕೊಡವನ್ನು ಇನ್ನೊಂದರಲ್ಲಿ ಹೊತ್ತಿದ್ದೇನೆ.

ಈ ಮೋಟಾರು ಏಕೆ ಸುಡುತ್ತದೆ ಎಂದು ಊರಿನಲ್ಲಿ ಕಂಡುಹಿಡಿಯಬಲ್ಲವರು ಒಬ್ಬರು ಇದ್ದರೆ ಅದು ನಾನು. ನಮ್ಮದು ನೇಯ್ಗೆಯ ಮನೆತನ. ನನ್ನ ಗಂಡ ಗುಂಡಿಮಗ್ಗದಲ್ಲಿ ಸೀರೆ ನೇಯುತ್ತಿದ್ದರು. ನಾನು ಮಾತ್ರ ಆಗ ನಾಲ್ಕು ವರ್ಷದಿಂದ ದಿನಾ ಬಸ್ಸು ಹತ್ತಿ ಗಣಪತಿ ಎಂಬ ಪೇಟೆಯ ಒಂದು ಪಂಪು ವರ್ಕ್‌ಶಾಪಿಗೆ ಹೋಗುತ್ತಿದ್ದೆ. ಅಲ್ಲಿ ಒಂದು ಉದ್ದ ಬೆಂಚು, ಎಂಟು ಹೆಂಗಸರು, ಏಳು ಜನಕ್ಕೆ ಕಾಯಿಲ್ ಕಟ್ಟುವ ಕೆಲಸ. ನೀರೊಳಗಿನ ಮೋಟಾರಿನ ಕೆಲಸ ಬೇರೆಯದರ ಹಾಗಲ್ಲ. ಸ್ಟೇಟರ್ ಎನ್ನುವ ಕಬ್ಬಿಣದ ಕೊಳವೆಯ ಒಳಗೋಡೆಯ ಸುತ್ತ ಉದ್ದಕ್ಕೆ ತೂತುಗಳಿರುತ್ತವೆ. ಪ್ಲಾಸ್ಟಿಕ್ ಮೈಯ ತಾಮ್ರದ ತಂತಿಯನ್ನು ಒಂದು ತೂತಿನಲ್ಲಿ ತೂರಿಸಿ ಆ ಕಡೆಯಿಂದ ಎಳೆದು, ಇನ್ನೊಂದು ತೂತಿನಲ್ಲಿ ವಾಪಸ್ ತೂರಿಸಬೇಕು. ಒಂದೊಂದು ಸುತ್ತೂ ಕೈಯಲ್ಲೇ. ಸುತ್ತು ಎಣಿಸುತ್ತಾ, ತಂತಿಯ ಮೈಗೆ ಗೀರು ಬೀಳದ ಹಾಗೆ. ಮಗ್ಗದಲ್ಲಿ ಹಳೆಯ ಹಾಸಿನ ಎಳೆಗೆ ಹೊಸ ಹಾಸಿನ ಎಳೆ ಹೊಸೆದು ಸಾವಿರಾರು ಎಳೆಯನ್ನು ಬಿಡದೆ ಕೂಡಿಸುವುದು ನಮ್ಮ ಮನೆಗಳಲ್ಲಿ ಹೆಂಗಸರ ಕೆಲಸ. ಹಾಗಾಗಿ ನನಗೆ ಅದು ಬೇಗ ಕೈಗೆ ಹತ್ತಿತು.

ಬೆಂಚಿನ ಕೊನೆಯಲ್ಲಿ ನನಗಿಂತ ಹತ್ತು ವರ್ಷ ದೊಡ್ಡವಳಾದ ಒಬ್ಬ ಅಕ್ಕ ಕೂರುತ್ತಿದ್ದಳು. ಟೆಸ್ಟಿಂಗ್ ಅವಳದು. ನಾವು ಕಟ್ಟಿದ್ದನ್ನು ನೀರಿನ ತೊಟ್ಟಿಯಲ್ಲಿ ಒಂದು ಹಗಲು ಒಂದು ರಾತ್ರಿ ಮುಳುಗಿಸಿಟ್ಟು, ಆಮೇಲೆ ಮೆಗ್ಗರ್ ಪೆಟ್ಟಿಗೆಯ ಹಿಡಿ ತಿರುಗಿಸುತ್ತಿದ್ದಳು. ತಂತಿಯ ಮೈ ಗಟ್ಟಿಯಿದ್ದರೆ ಮುಳ್ಳು ಮೇಲೇರಿ ನಿಲ್ಲುತ್ತದೆ. ಎಲ್ಲೋ ಒಂದು ಕಡೆ ಕೂದಲಷ್ಟು ಬಿರಿದಿದ್ದರೂ ಕೆಳಕ್ಕೆ ಬೀಳುತ್ತದೆ. ಮುಳ್ಳು ಬಿದ್ದರೆ ಅವಳು ಬೈಯುತ್ತಿರಲಿಲ್ಲ. ‘ಬಾ ಕಣ್ಣು, ಹುಡುಕೋಣ’ ಎಂದು ಪಕ್ಕಕ್ಕೆ ಕರೆದು ಕೂರಿಸಿಕೊಳ್ಳುತ್ತಿದ್ದಳು.

ನಾಲ್ಕನೆಯ ಸಲ ಸುಟ್ಟಾಗ ಊರುಕೂಟ ಸೇರಿತು. ನಮ್ಮೂರಿನಲ್ಲಿ ಕೂಟ ಸೇರುವುದು ಮಾರಿಯಮ್ಮನ ಗುಡಿಯ ಮುಂದಿನ ಕಲ್ಲುಜಗಲಿಯಲ್ಲಿ. ಅದಕ್ಕೆ ಮೇಡೆ ಎನ್ನುತ್ತಾರೆ. ಗಂಡಸರು ಮೇಡೆಯ ಮೇಲೂ ಸುತ್ತಲೂ ಕೂರುತ್ತಾರೆ. ಮುಂದೆ ಒಂದು ಚರಂಡಿ, ಅದರಾಚೆ ಹೆಂಗಸರು ನಿಲ್ಲಬೇಕು. ಹೆಂಗಸು ಕೂಟದಲ್ಲಿ ಮಾತಾಡಬಾರದು ಎಂದು ಯಾರೂ ಬರೆದಿಟ್ಟಿರಲಿಲ್ಲ. ಆದರೆ ಏನಾದರೂ ಹೇಳುವುದಿದ್ದರೆ ಅವಳು ಮನೆಯ ಗಂಡಸಿನ ಕಿವಿಯಲ್ಲಿ ಹೇಳಬೇಕು. ಅವನು ಹೋಗಿ ‘ನಮ್ಮ ಮನೆಯಲ್ಲಿ ಹೀಗೆ ಹೇಳುತ್ತಾರೆ’ ಎಂದು ಒಪ್ಪಿಸಬೇಕು. ಮರುಪ್ರಶ್ನೆ ಬಂದರೆ ಮತ್ತೆ ಚರಂಡಿಯವರೆಗೆ ಬಂದು ಕೇಳಿಕೊಂಡು ಹೋಗಬೇಕು. ಗಂಡನಿಲ್ಲದವಳಿಗೆ ತಮ್ಮನೋ ಮಗನೋ ಆಗಬೇಕು. ಯಾರೂ ಇಲ್ಲದವಳಿಗೆ ಮಾತೂ ಇಲ್ಲ.

ನನಗೆ ಮದುವೆಯಾಗಿ ಬಂದ ದಿನದಿಂದ ಒಂದೇ ಆಸೆ. ಚಿನ್ನದ್ದಲ್ಲ, ಸೀರೆಯದ್ದಲ್ಲ. ಆ ಚರಂಡಿ ದಾಟಿ ಒಂದು ಮಾತು, ಒಂದೇ ಒಂದು, ನನ್ನ ಬಾಯಿಂದ ನಾನೇ ಹೇಳಬೇಕು. ಏನು ಹೇಳಬೇಕು ಎಂದು ಗೊತ್ತಿರಲಿಲ್ಲ. ಬಸ್ಸಿನ ಕಿಟಕಿ ಪಕ್ಕ ಕೂತು ಗಣಪತಿಗೆ ಹೋಗುವಾಗ ಮನಸ್ಸಿನಲ್ಲೇ ಮೇಡೆಯ ಮುಂದೆ ನಿಂತು ಮಾತಾಡುತ್ತಿದ್ದೆ. ಗಂಟಲೊಳಗೆ ಒಂದು ಬಾಯಾರಿಕೆ ಇದ್ದ ಹಾಗೆ.

ಆ ದಿನ ಗಂಡನನ್ನು ಕರೆದು ಹೇಳಿದೆ. ಟೌನಿಗೆ ಕಳಿಸುವುದು ಬೇಡ, ಮೋಟಾರನ್ನು ನನಗೆ ಕೊಡಲಿ, ಐದು ದಿನದಲ್ಲಿ ಕಟ್ಟಿಕೊಡುತ್ತೇನೆ ಎಂದೆ. ಅವರು ಗಾಬರಿಯಿಂದ ನನ್ನ ಮುಖ ನೋಡಿದರು. ನನ್ನ ಗಂಡ ಮಾತಿನ ಮನುಷ್ಯರಲ್ಲ. ಮಗ್ಗದ ಗುಂಡಿಗೆ ಇಳಿದರೆ ಮಧ್ಯಾಹ್ನದವರೆಗೆ ಲಾಳಿಯ ಸದ್ದೇ ಅವರ ಮಾತು. ಆದರೂ ಹೋಗಿ ಹೇಳಿದರು. ಮೇಡೆಯ ಮೇಲೆ, ಊರೆಲ್ಲ ದೊಡ್ಡವರು ಎಂದು ಕರೆಯುವ ಹಿರಿಯರೊಬ್ಬರು ಕೂತಿದ್ದರು. ಊರಿನ ಯಾವ ವಿಷಯವಿದ್ದರೂ ಕೊನೆಯ ಮಾತು ಅವರದು. ಅವರು ತಂತಿ ಯಾವ ಗೇಜು ಎಂದು ಕೇಳಿದರು. ಗಂಡ ಚರಂಡಿಗೆ ಬಂದರು, ಕೇಳಿಕೊಂಡು ಹೋದರು. ಎಷ್ಟು ಸುತ್ತು? ಮತ್ತೆ ಬಂದರು. ಹಳೇ ಕಾಯಿಲು ಏಕೆ ಸುಟ್ಟಿತಂತೆ? ಮೂರನೆಯ ಸಲ ಬಂದಾಗ ಗಂಡಸರೆಲ್ಲ ನಗುತ್ತಿದ್ದರು. ನನ್ನ ಗಂಡನ ಕಿವಿ ಕೆಂಪಾಗಿತ್ತು.

ಪಂಪು ಆಪರೇಟರ್ ಕೆಳಗೆ ಕುಕ್ಕರಗಾಲಲ್ಲಿ ಕೂತಿದ್ದ. ‘ಸೀರೆ ನೇಯೋ ಮನೆ ಅಲ್ಲವಾ? ಮೋಟಾರಿಗೂ ಅಂಚು ಸೆರಗು ಹಾಕಿ ಕೊಡ್ತಾರಂತಾ, ಕೇಳಪ್ಪಾ’ ಎಂದ.

ನಗು ಹೆಚ್ಚಾಯಿತು. ಆದರೆ ಚರಂಡಿಯ ಈಚೆ ಯಾರೂ ನಗಲಿಲ್ಲ. ನಲವತ್ತು ಹೆಂಗಸರು ಇದ್ದರೇನೋ. ಕೊಡ ಹಿಡಿದುಕೊಂಡೇ ಬಂದಿದ್ದರು. ಅವರು ಅಲ್ಲಿಂದ ಕದಲಲಿಲ್ಲ. ದೊಡ್ಡವರು ನಮ್ಮ ಕಡೆ ನೋಡದೆ ಗಂಡನಿಗೆ ಹೇಳಿದರು.

‘ಸರಿ, ಕಟ್ಟಲಿ. ಆದರೆ ಒಂದು ಮಾತು. ಇದು ಕೆಟ್ಟರೆ, ಇನ್ನು ಮೇಲೆ ಈ ಊರಿನ ನೀರಿನ ವಿಷಯಕ್ಕೆ ಹೆಂಗಸರ ಮಾತು ಈ ಮೇಡೆಗೆ ಬರಕೂಡದು. ನೀನು ತರಲೂ ಕೂಡದು.’

ಇದ್ದ ಅರ್ಧ ಮಾತನ್ನೂ ಪಣಕ್ಕೆ ಇಟ್ಟ ಹಾಗಾಯಿತು. ನನ್ನದು ಮಾತ್ರವಲ್ಲ, ಆ ನಲವತ್ತು ಜನರದೂ.

ವರ್ಕ್‌ಶಾಪಿನ ಮಾಲೀಕರು, ನಮ್ಮ ಮೊದಲಾಳಿ, ಐದು ದಿನ ರಜೆ ಕೊಟ್ಟರು, ಆ ಅಳತೆಯ ಮೋಟಾರಿಗೆ ಎಷ್ಟು ಸುತ್ತು ಎಂಬುದನ್ನು ಚೀಟಿಯಲ್ಲಿ ಬರೆದುಕೊಟ್ಟರು. ತಂತಿಯನ್ನು ಪಂಚಾಯಿತಿಯವರೇ ತಂದು ಹಾಕಿದರು. ಮನೆಯ ಮುಂದಿನ ಕೋಣೆಯಲ್ಲಿ, ಮಗ್ಗದ ಪಕ್ಕ, ಎರಡು ಮರದ ದಿಮ್ಮಿಯ ನಡುವೆ ಸ್ಟೇಟರನ್ನು ಮಲಗಿಸಿದೆ. ಮೊದಲು ಹಳೆಯ ಕಾಯಿಲ್ ಕಿತ್ತೆ. ಕೀಳುವಾಗ ಎಣಿಸಿದೆ. ಚೀಟಿಯಲ್ಲಿದ್ದದ್ದಕ್ಕಿಂತ ಪ್ರತಿ ತೂತಿನಲ್ಲೂ ಸುತ್ತು ಕಡಿಮೆ. ಅಂಗಡಿಯವರು ಕೆಲಸ ಬೇಗ ಮುಗಿಯಲೆಂದು ಸುತ್ತು ಬಿಟ್ಟಿದ್ದರು. ಸುತ್ತು ಕಡಿಮೆಯಾದರೆ ತಂತಿಯಲ್ಲಿ ಕರೆಂಟ್ ಹೆಚ್ಚು ಹರಿಯುತ್ತದೆ, ಬಿಸಿಯೇರುತ್ತದೆ, ಸುಡುತ್ತದೆ. ನಾಲ್ಕು ಸಲವೂ ಇದೇ ಆಗಿರಬೇಕು. ತೂತುಗಳನ್ನು ಒರೆಸಿ, ಒಳಮೈಗೆ ಹೊಸ ಹಾಳೆ ಸುರುಳಿ ಹಾಕಿ, ತೂರಿಸಲು ಶುರು ಮಾಡಿದೆ.

ವರ್ಕ್‌ಶಾಪಿನಲ್ಲಾದರೆ ಎದುರು ಕಡೆ ಒಬ್ಬಳು ಕೂತು ತಂತಿ ಹಿಡಿಯುತ್ತಾಳೆ. ಇಲ್ಲಿ ನಾನೊಬ್ಬಳೇ. ಗಂಡ ಮಗ್ಗ ಬಿಟ್ಟು ಬಂದು ಒಂದಿಷ್ಟು ಹೊತ್ತು ಹಿಡಿದರು, ಆದರೆ ನೇಯುವ ಸೀರೆಗೂ ಗಡುವು ಇತ್ತು. ಆಗ ನನ್ನ ಕೈ ತನಗೆ ಗೊತ್ತಿದ್ದದ್ದನ್ನು ಮಾಡಿತು. ಎಳೆ ಹೊಸೆಯುವಾಗ ಎರಡು ಕೈಯೂ ಕೆಲಸದಲ್ಲಿರುತ್ತವೆ, ಬಿಡುವ ಹಾಗಿಲ್ಲ. ಮೂರನೆಯ ಎಳೆಯನ್ನು ಹಲ್ಲಿನಲ್ಲಿ ಕಚ್ಚಿ ಹಿಡಿದುಕೊಳ್ಳುತ್ತೇವೆ. ನಮ್ಮಮ್ಮ ಹಿಡಿಯುತ್ತಿದ್ದಳು, ಅವಳಮ್ಮನೂ. ನಮ್ಮ ಮನೆಗಳಲ್ಲಿ ಹುಡುಗಿಗೆ ಹಾಲುಹಲ್ಲು ಬಿದ್ದು ಹೊಸ ಹಲ್ಲು ಬಂತು ಎಂದರೆ ಹಾಸಿನ ಮುಂದೆ ಕೂರಬಹುದು ಎಂದು ಅರ್ಥ. ನಾನು ಎರಡು ಕೈಯಲ್ಲಿ ಸುತ್ತು ಸರಿಪಡಿಸುತ್ತಾ ತಂತಿಯನ್ನು ಹಲ್ಲಿನಲ್ಲಿ ಹಿಡಿದೆ. ಹಿಡಿದಿದ್ದೇನೆ ಎಂಬುದೂ ಗೊತ್ತಾಗಲಿಲ್ಲ.

ಮೂರು ದಿನ ಕಟ್ಟಿದೆ. ಕೆಲಸಕ್ಕೆ ಹೋಗುವ ಹೆಂಗಸರು ಬಾಗಿಲಲ್ಲಿ ನಿಂತು ನೋಡಿ ಹೋಗುತ್ತಿದ್ದರು. ಬರುವಾಗ ಯಾರೋ ಒಬ್ಬರು ನನ್ನ ಮನೆಗೂ ಒಂದು ಕೊಡ ನೀರು ತಂದಿಟ್ಟಿರುತ್ತಿದ್ದರು. ಮಗಳು ಕತ್ತರಿಸಿ ಬಿದ್ದ ತಂತಿಯ ತುಂಡುಗಳನ್ನು ಬಳೆ ಮಾಡಿ ಹಾಕಿಕೊಂಡು ಆಡಿದಳು. ನಾಲ್ಕನೆಯ ದಿನ ಬೆಳಿಗ್ಗೆ ನೂಲು ನೆನೆಹಾಕುವ ಕಲ್ಲುತೊಟ್ಟಿಯಲ್ಲಿ ಸ್ಟೇಟರ್ ಮುಳುಗಿಸಬೇಕು. ತೊಟ್ಟಿ ತುಂಬಲು ಒಂಬತ್ತು ಮನೆಯವರು ಒಂದೊಂದು ಕೊಡ ತಂದು ಸುರಿದರು. ಮೈಲಿ ದೂರದಿಂದ ಹೊತ್ತ ನೀರು ಅದು. ಕುಡಿಯುವ ನೀರನ್ನು ಕಬ್ಬಿಣಕ್ಕೆ ಸುರಿಯುತ್ತೀರಾ ಎಂದು ಯಾರೂ ಕೇಳಲಿಲ್ಲ.

ಭಾನುವಾರವಾದ್ದರಿಂದ ಟೆಸ್ಟಿಂಗ್ ಅಕ್ಕ ಮೆಗ್ಗರ್ ಪೆಟ್ಟಿಗೆಯನ್ನು ಸೀರೆಯಲ್ಲಿ ಸುತ್ತಿಕೊಂಡು ಬಸ್ಸಿನಲ್ಲಿ ಬಂದಳು. ಸಂಜೆಗೆ ಹಿಡಿ ತಿರುಗಿಸಿದಳು. ಮುಳ್ಳು ಮೇಲೇರಿ ನಿಂತಿತು. ನಾನು ಕುಣಿಯುವುದೊಂದು ಬಾಕಿ. ಅಷ್ಟರಲ್ಲಿ ದೊಡ್ಡವರ ಕಡೆಯಿಂದ ಆಳು ಬಂದ. ಪೈಪು ಇಳಿಸುವವರು ಬಂದಿದ್ದಾರೆ, ಇವತ್ತೇ ಇಳಿಸಿಬಿಡಬೇಕಂತೆ. ಅಕ್ಕ ತಲೆಯಾಡಿಸಿದಳು. ನಾಳೆ ಬೆಳಿಗ್ಗೆಯವರೆಗೆ ನೆನೆಯಲಿ, ಇನ್ನೊಂದು ಸಲ ನೋಡೋಣ ಎಂದಳು. ಅವಳ ಮಾತು ಸರಿಯೆಂದು ನನಗೆ ಗೊತ್ತಿತ್ತು. ಆದರೆ ಹೆಂಗಸರು ಬಾಗಿಲಲ್ಲಿ ಕಾಯುತ್ತಿದ್ದರು. ನನಗೂ ಆಸೆ ಹಿಡಿದಿತ್ತು. ಆಗಲಿ, ಇಳಿಸಲಿ ಎಂದೆ. ಅಕ್ಕ ಪೆಟ್ಟಿಗೆ ಸುತ್ತಿಕೊಂಡು ಬಸ್ಸಿಗೆ ಹೋದಳು.

ಮೋಟಾರು ಓಡಿತು. ಮೂರು ನಲ್ಲಿಯಲ್ಲೂ ನೀರು ಬಂತು. ಒಂಬತ್ತು ದಿನ ನಾನು ಊರಿಗೆ ರಾಣಿ. ಬಸ್ಸಿನಲ್ಲಿ ಸೀಟು ಬಿಟ್ಟುಕೊಟ್ಟರು ಎಂದರೆ ನಂಬುತ್ತೀರಾ? ಹತ್ತನೆಯ ದಿನ ಮೋಟಾರು ನಿಂತಿತು.

ಮೇಲೆತ್ತಿ ಮನೆಗೆ ತಂದಿಟ್ಟರು. ಬಿಚ್ಚಿದೆ. ಸುಟ್ಟ ಪ್ಲಾಸ್ಟಿಕ್ಕಿನ ವಾಸನೆ ಮೂಗಿಗೆ ಬಡಿಯಿತು. ತಂತಿಗಳು ತೂತಿನಿಂದ ಹೊರಬಂದು ಬಾಗುವ ಕಡೆ, ಕಟ್ಟಿನ ಒಂದು ಮೂಲೆಯಲ್ಲಿ ಮಾತ್ರ ಕಪ್ಪಾಗಿತ್ತು. ಸುತ್ತು ಕಡಿಮೆಯಾಗಿ ಸುಟ್ಟರೆ ಎಲ್ಲ ಕಡೆಯೂ ಕಪ್ಪಾಗಬೇಕು. ವೋಲ್ಟೇಜು ಇಳಿದರೂ ಹಾಗೆಯೇ. ಇದು ಒಂದೇ ಜಾಗದಿಂದ ಹೊರಟ ಬೆಂಕಿ. ಸುಟ್ಟದ್ದರ ಪಕ್ಕ ಉಳಿದಿದ್ದ ತಂತಿಯನ್ನು ಕಿತ್ತು ಬೆಳಕಿಗೆ ಹಿಡಿದೆ. ಪ್ಲಾಸ್ಟಿಕ್ಕಿನ ಮೈಮೇಲೆ ಎರಡು ಸಣ್ಣ ತಗ್ಗು, ಅಕ್ಕಪಕ್ಕ. ಇನ್ನೊಂದು ತಂತಿ ಕಿತ್ತೆ. ಅಲ್ಲೂ ಎರಡು. ಹನ್ನೊಂದು ಕಡೆ ಸಿಕ್ಕಿತು. ಏನಿದು ಎಂದು ಯೋಚಿಸುತ್ತಾ ಅಭ್ಯಾಸದಂತೆ ತಂತಿಯನ್ನು ಬಾಯಿಗೆ ತೆಗೆದುಕೊಂಡೆ. ನನ್ನ ಹಲ್ಲು ಆ ತಗ್ಗಿನಲ್ಲಿ ಹೋಗಿ ಕೂತಿತು.

ಹಲ್ಲೊತ್ತಿದ ಕಡೆ ಮೈ ತೆಳುವಾಗಿದೆ, ನೀರು ನಿಧಾನವಾಗಿ ಒಳಗಿಳಿದಿದೆ. ಪೂರಾ ಒಂದು ದಿನ ನೆನೆಸಿದ್ದರೆ ಮೆಗ್ಗರಿನ ಮುಳ್ಳು ಬಿದ್ದು ನಾನು ಅಲ್ಲೇ ಹಿಡಿಯುತ್ತಿದ್ದೆ. ಅದನ್ನೂ ನಾನೇ ಬೇಡವೆಂದೆ.

ಮರುದಿನ ಆ ತಂತಿಯನ್ನು ಅಕ್ಕನಿಗೆ ತೋರಿಸಿದೆ. ಅವಳು ಕನ್ನಡಕ ಹಾಕಿಕೊಂಡು ನೋಡಿದಳು, ಆಮೇಲೆ ಬೆಂಚಿನ ಕೆಳಗೆ ಕೈ ಇಳಿಸಿ ನನ್ನ ಕೈ ಹಿಡಿದಳು.

‘ವೋಲ್ಟೇಜ್ ಅಂತ ಹೇಳಿಬಿಡು ಕಣ್ಣು. ಯಾರಿಗೆ ಗೊತ್ತಾಗುತ್ತೆ? ಮೊದಲಾಳಿಗಳೇ ಅದನ್ನೇ ಹೇಳೋದು.’

‘ತಪ್ಪು ನನ್ನದಲ್ಲವಾ ಅಕ್ಕ?’

‘ನಿನ್ನದೇ. ಆದರೆ ಗಂಡಸು ತಪ್ಪು ಮಾಡಿದರೆ ಅವನೊಬ್ಬನ ತಪ್ಪು. ನೀನು ಮಾಡಿದರೆ ಹೆಂಗಸರ ತಪ್ಪು. ನಾಳೆ ನಿನ್ನ ಮಗಳನ್ನೂ ಇದರ ಹತ್ತಿರ ಬಿಡಲ್ಲ.’

ಅವಳು ಹೇಳಿದ್ದು ಸುಳ್ಳಲ್ಲ. ವೋಲ್ಟೇಜ್ ಎಂದೇ ಹೇಳೋಣ ಎಂದುಕೊಂಡು ಊರಿಗೆ ಬಂದೆ. ಗಂಡನಿಗೆ ಮಾತ್ರ ನಿಜ ಹೇಳಿದೆ. ಅವರು ತಂತಿಯನ್ನು ಬೆರಳಲ್ಲಿ ಸವರಿ ನೋಡಿ, ಊಟ ಮಾಡು ಎಂದರು.

ಸಂಜೆ ಕೂಟ ಸೇರಿತು. ಆಪರೇಟರ್ ಎದ್ದು, ಆ ದಿನ ಬಲ್ಬು ಮಂಕಾಗಿ ಉರಿಯುತ್ತಿತ್ತು, ವೋಲ್ಟೇಜು ಇಳಿದಿತ್ತು, ತನ್ನ ಕಡೆ ತಪ್ಪಿಲ್ಲ ಎಂದ. ತನ್ನನ್ನು ಉಳಿಸಿಕೊಳ್ಳಲು ಹೇಳಿದ್ದು, ಆದರೆ ನನಗೂ ಅದೇ ಆಸರೆಯಾಯಿತು. ನಾನು ಉಸಿರು ಬಿಡುವಷ್ಟರಲ್ಲಿ ದೊಡ್ಡವರು ಹೇಳಿದರು. ವೋಲ್ಟೇಜ್ ತೊಂದರೆಯಾದರೆ ಯಾರು ಕಟ್ಟಿದರೂ ಮೋಟಾರು ನಿಲ್ಲುವುದಿಲ್ಲ. ಕರೆಂಟ್ ಬೋರ್ಡಿಗೆ ಅರ್ಜಿ ಹಾಕೋಣ. ಹೊಸ ಟ್ರಾನ್ಸ್‌ಫಾರ್ಮರ್ ಬರುವವರೆಗೆ ಮೋಟಾರು ಇಳಿಸುವುದು ಬೇಡ.

ಅದು ಎಷ್ಟು ತಿಂಗಳು ಎಂದು ಯಾರೂ ಕೇಳಲಿಲ್ಲ. ಚರಂಡಿಯ ಈಚೆ ನನ್ನ ಪಕ್ಕ ನಿಂತಿದ್ದ ಮುದುಕಿ ಕೊಡವನ್ನು ಈ ಸೊಂಟದಿಂದ ಆ ಸೊಂಟಕ್ಕೆ ಬದಲಿಸಿದಳು. ಅಷ್ಟೇ. ನನ್ನ ಒಂದು ಸುಳ್ಳಿಗೆ ಇವಳು ಬೇಸಿಗೆ ಮುಗಿಯುವ ತನಕ ತೋಟದ ಬಾವಿಗೆ ನಡೆಯಬೇಕು ಎಂಬುದು ಆಗ ನನಗೆ ಕಣ್ಣಿಗೆ ಕಟ್ಟಿತು.

ಗಂಡನನ್ನು ಕೈಬೀಸಿ ಕರೆದೆ. ನಿಜ ಹೇಳಿಬಿಡಿ ಎಂದು ಕಿವಿಯಲ್ಲಿ ಹೇಳಿದೆ. ಅವರು ನನ್ನ ಮುಖವನ್ನೇ ನೋಡಿದರು. ಹೋಗಿ ಮೇಡೆಯ ಮುಂದೆ ನಿಂತರು. ಗಂಟಲು ಸರಿಮಾಡಿಕೊಂಡರು.

‘ನಮ್ಮ ಮನೆಯಲ್ಲೂ ವೋಲ್ಟೇಜ್ ಅಂತಲೇ ಹೇಳ್ತಾರೆ’ ಎಂದರು.

ನನ್ನನ್ನು ಉಳಿಸಲೆಂದು ಆ ಮನುಷ್ಯ ಊರ ಮುಂದೆ ಸುಳ್ಳು ಹೇಳಿದರು. ಹುಟ್ಟಿದಂದಿನಿಂದ ಸುಳ್ಳು ಹೇಳಿದವರಲ್ಲ. ಅವರ ಮೇಲೆ ಸಿಟ್ಟಲ್ಲ, ಪ್ರೀತಿಯೇ ಉಕ್ಕಿತು. ಆದರೆ ನನ್ನ ಮಾತು ಅವರ ಬಾಯಲ್ಲಿ ಬೇರೆ ಮಾತಾಗಿತ್ತು. ಕಾಲು ಎತ್ತಿ ಚರಂಡಿ ದಾಟಿದೆ. ಒಂದು ಹೆಜ್ಜೆ ಅಗಲ ಕೂಡ ಇಲ್ಲ ಅದು. ಅಷ್ಟು ವರ್ಷ ಆ ಕಡೆಯಿಂದ ನೋಡುವಾಗ ನದಿಯ ಹಾಗೆ ಕಾಣುತ್ತಿತ್ತು.

‘ವೋಲ್ಟೇಜ್ ಅಲ್ಲಿಂಗ. ತಪ್ಪು ನನ್ನದು’ ಎಂದೆ.

ನನ್ನ ಧ್ವನಿ ನನಗೇ ಬೇರೆ ಯಾರದೋ ಎನ್ನಿಸಿತು. ಬಸ್ಸಿನಲ್ಲಿ ಅಷ್ಟು ಸಲ ಮನಸ್ಸಿನಲ್ಲಿ ಕಟ್ಟಿಕೊಂಡಿದ್ದ ಮಾತು ಯಾವುದೂ ಬಾಯಿಗೆ ಬರಲಿಲ್ಲ. ಬಂದದ್ದು ಇದು. ಸೆರಗಿನ ಗಂಟಿನಲ್ಲೇ ಇದ್ದ ತಂತಿಯನ್ನು ಬಿಚ್ಚಿ ದೊಡ್ಡವರ ಮುಂದೆ ಇಟ್ಟೆ. ಎಳೆ ಹಿಡಿದ ಹಾಗೆ ಹಲ್ಲಿನಲ್ಲಿ ಹಿಡಿದದ್ದು, ಗುರುತು ಬಿದ್ದದ್ದು, ಒಂದು ದಿನ ಪೂರಾ ನೆನೆಸದೆ ಇಳಿಸಲು ಒಪ್ಪಿದ್ದು, ಎಲ್ಲ ಹೇಳಿದೆ.

ಆಪರೇಟರ್ ಬಿಟ್ಟಾನೆಯೇ? ‘ಅಯ್ಯಪ್ಪಾ, ಮೋಟಾರನ್ನ ಅಗಿದು ತಿಂದಿದ್ದಾರೆ’ ಎಂದ. ಮೇಡೆಯೆಲ್ಲ ನಕ್ಕಿತು. ನಿಜವಾಗಿ ನಗು ಬರುವ ಮಾತೇ, ನನಗೂ ಬಂತು. ನಗು ಇಳಿಯುವವರೆಗೆ ಕಾದೆ. ಆಮೇಲೆ ಮುದುಕರೊಬ್ಬರು, ಇದಕ್ಕೇ ಹೆಂಗಸರ ಕೈಗೆ ಕೊಡಬಾರದು ಎಂದು ಅವತ್ತೇ ಹೇಳಿದೆ ಎಂದರು.

‘ಟೌನಿನವರು ನಾಲ್ಕು ಸಲ ಸುಟ್ಟರು. ಏಕೆ ಸುಟ್ಟಿತು ಅಂತ ಒಂದು ಸಲವಾದರೂ ಬಂದು ಹೇಳಿದರಾಂಗ? ನಾನು ಒಂದು ಸಲ ಸುಟ್ಟೆ. ಏಕೆ ಅಂತ ಹೇಳಿದೆ. ಗೊತ್ತಿರೋ ತಪ್ಪನ್ನ ಇನ್ನೊಂದು ಸಲ ಮಾಡಲ್ಲ. ಗಂಡಸರು ಸುಟ್ಟಾಗ ಗಂಡಸರ ಕೈಗೆ ಕೊಡಬಾರದು ಅಂತ ಯಾರೂ ಅನ್ನಲಿಲ್ಲ.’

ದೊಡ್ಡವರು ಆ ತಂತಿಯನ್ನು ಎತ್ತಿ ತಿರುಗಿಸಿ ತಿರುಗಿಸಿ ನೋಡಿದರು, ಅವತ್ತು ಇಟ್ಟ ಪಣದ ಮಾತು ಎತ್ತಲಿಲ್ಲ. ಅವರ ಮನೆಯ ಹೆಂಗಸರೂ ಚರಂಡಿಯ ಆಚೆಯೇ ನಿಂತಿದ್ದರು. ಕೊನೆಗೆ ಅವರು ಕತ್ತು ತಿರುಗಿಸಿ ನನ್ನ ಗಂಡನನ್ನು ಕೇಳಿದರು. ನಾನು ಮೂರು ಅಡಿ ದೂರದಲ್ಲಿ ಎದುರಿಗೇ ನಿಂತಿದ್ದೇನೆ, ಆದರೂ ನನ್ನ ಗಂಡನನ್ನು.

‘ಮತ್ತೆ ಕಟ್ಟಕ್ಕೆ ಎಷ್ಟು ದಿನ ಬೇಕಂತೆ?’

ನನ್ನ ಗಂಡ ಒಂದು ಹೆಜ್ಜೆ ಹಿಂದಕ್ಕೆ ಸರಿದರು.

‘ಕಟ್ಟೋ ಕೈ ಅವಳದು. ಅವಳನ್ನೇ ಕೇಳಿಂಗ.’

ಅಷ್ಟು ಜನರ ನಡುವೆ ಅವರು ಆಡಿದ ಅತಿ ದೊಡ್ಡ ಮಾತು ಅದು. ಬದುಕಿದ್ದಷ್ಟು ದಿನ ಮತ್ತೆ ಅದರ ವಿಷಯ ಎತ್ತಲಿಲ್ಲ. ದೊಡ್ಡವರು ತಂತಿಯನ್ನು ಕೆಳಗಿಟ್ಟರು. ಆಮೇಲೆ ನನ್ನ ಕಡೆ ತಿರುಗಿದರು.

‘ಎಷ್ಟು ದಿನ ಬೇಕು ಅಮ್ಮಿಣಿ?’

‘ನಾಲ್ಕು ದಿನ. ಮೂರು ದಿನ ಕಟ್ಟಕ್ಕೆ, ಒಂದು ದಿನ ನೆನೆಯಕ್ಕೆ. ಆ ಒಂದು ದಿನ ಮಾತ್ರ ನೀವೇ ಬಂದು ಕೇಳಿದರೂ ಕೊಡಲ್ಲ.’

‘ಕೇಳಲ್ಲ’ ಎಂದರು.

ಎರಡನೆಯ ಸಲ ಬಾಯಿಗೆ ಸೀರೆಯ ಸೆರಗು ಕಟ್ಟಿಕೊಂಡು ಕೂತೆ, ಹಲ್ಲು ತಾನಾಗಿ ಹೋಗಿಬಿಟ್ಟರೆ ಎಂಬ ಹೆದರಿಕೆ. ಎದುರು ಕಡೆ ತಂತಿ ಹಿಡಿಯಲು ಬೀದಿಯ ಹೆಂಗಸರು ಸರದಿ ಹಾಕಿಕೊಂಡರು. ಮೂರನೆಯ ದಿನಕ್ಕೆ ಅವರಲ್ಲಿ ಇಬ್ಬರು ನನಗಿಂತ ಚೆನ್ನಾಗಿ ಸುತ್ತು ಎಣಿಸುತ್ತಿದ್ದರು. ಅಕ್ಕ ಮತ್ತೆ ಪೆಟ್ಟಿಗೆ ಸುತ್ತಿಕೊಂಡು ಬಂದಳು. ಸಂಜೆ ಒಂದು ಸಲ, ಮರುದಿನ ಬೆಳಿಗ್ಗೆ ಒಂದು ಸಲ ಹಿಡಿ ತಿರುಗಿಸಿದಳು. ಎರಡು ಸಲವೂ ಮುಳ್ಳು ಮೇಲೇರಿ ಕದಲದೆ ನಿಂತಿತು. ಆ ರಾತ್ರಿ ಅವಳು ನಮ್ಮ ಮನೆಯಲ್ಲೇ ಉಳಿದಳು. ಕೂಟದಲ್ಲಿ ಏನೇನಾಯಿತು ಎಂದು ನ್ಯಾಯ ಕೇಳುವವಳ ಹಾಗೆ ಎರಡು ಸಲ ಹೇಳಿಸಿದಳು. ಗಂಡ ಹಿಂದೆ ಸರಿದದ್ದನ್ನು ಮೂರನೆಯ ಸಲವೂ ಹೇಳಿಸಿದಳು. ಅವಳ ಗಂಡ ಅವಳನ್ನು ಬಿಟ್ಟು ಹೋಗಿ ಆಗ ಎಷ್ಟೋ ವರ್ಷವಾಗಿತ್ತು.

ಆ ಅಕ್ಕ ಈಗ ಎಲ್ಲಿದ್ದಾಳೋ ಗೊತ್ತಿಲ್ಲ. ವರ್ಕ್‌ಶಾಪು ಮುಚ್ಚಿದ ಮೇಲೆ ಎಂಟು ಜನ ಎಂಟು ದಿಕ್ಕಾದೆವು. ವಿಳಾಸ ಕೇಳಿ ಬರೆದಿಟ್ಟುಕೊಳ್ಳಬೇಕು ಎಂದು ನಮಗೆ ಯಾರಿಗೂ ಹೊಳೆಯಲೇ ಇಲ್ಲ, ನಾಳೆಯೂ ಅದೇ ಬೆಂಚಿಗೆ ಬರುತ್ತೇವೆ ಎಂಬ ಹಾಗೆ ಎದ್ದು ಹೋದೆವು. ಹೊಸ ತಾಮ್ರದ ವಾಸನೆ ಎಲ್ಲಾದರೂ ಬಂದರೆ ಈಗಲೂ ಕಣ್ಣು ಅವಳನ್ನು ಹುಡುಕುತ್ತದೆ. ಈ ಕೂಸನ್ನು ಒಂದು ಸಲ ಅವಳ ಮಡಿಲಲ್ಲಿ ಹಾಕಬೇಕು. ಅವಳು ಕನ್ನಡಕ ಹಾಕಿಕೊಂಡು ಇವಳ ಮುಖ ನೋಡಬೇಕು. ಎಷ್ಟು ಸಂತೋಷವಿದ್ದರೂ ಆ ಒಂದು ಜಾಗ ಖಾಲಿಯೇ ಇರುತ್ತದೆ.

ಮೋಟಾರು ಆಮೇಲೆ ಸುಡಲಿಲ್ಲ. ಆ ವರ್ಷವೂ ಇಲ್ಲ, ಮುಂದಿನ ವರ್ಷವೂ ಇಲ್ಲ. ಚೆನ್ನಾಗಿ ಓಡುವ ಮೋಟಾರಿನ ಬಗ್ಗೆ ಯಾರು ಏನು ಕೇಳುತ್ತಾರೆ? ಹಾಗಾಗಿ ನನ್ನನ್ನೂ ಯಾರೂ ಏನೂ ಕೇಳಲಿಲ್ಲ. ಪ್ರತಿ ಕೂಟಕ್ಕೂ ಹೋದೆ. ಚರಂಡಿಯ ಅಂಚಿನಲ್ಲಿ, ಎಲ್ಲರಿಗಿಂತ ಮುಂದೆ ನಿಂತೆ. ದೊಡ್ಡವರು ಇನ್ನೊಂದು ಸಲ ತಿರುಗಿ ‘ಅಮ್ಮಿಣಿ’ ಎನ್ನುತ್ತಾರೆ ಎಂದು ಕಾದೆ. ಅವರು ತಿರುಗಲಿಲ್ಲ. ಗಂಡಸರು ಮೊದಲಿನ ಹಾಗೆಯೇ ಚರಂಡಿಗೂ ಮೇಡೆಗೂ ಓಡಾಡಿದರು. ಮೊದಲು ಇದ್ದದ್ದು ಮಾತಾಡಬೇಕೆಂಬ ಆಸೆ. ಈಗ ಅದರ ಜೊತೆಗೆ ಇನ್ನೊಂದು ಸೇರಿತು, ಯಾರಾದರೂ ಕೇಳಲಿ ಎಂಬ ಆಸೆ. ಮೊದಲಿನದಕ್ಕಿಂತ ಇದು ಹೆಚ್ಚು ಸುಡುತ್ತಿತ್ತು.

ಎರಡು ವರ್ಷದ ಮೇಲೆ, ಹೊಸದಾಗಿ ನಾಲ್ಕು ನಲ್ಲಿ ಹಾಕುವುದು ಎಂದಾಯಿತು. ಎಲ್ಲೆಲ್ಲಿ ಹಾಕುವುದು ಎಂದು ಕೂಟ. ನೀರು ಹಿಡಿಯುವವರು ನಾವು. ಗಂಡಸರು ಗಂಟೆಗಟ್ಟಲೆ ಮಾತಾಡಿದರು. ಕೊನೆಗೆ ನಾಲ್ಕರಲ್ಲಿ ಎರಡನ್ನು, ಆಗಲೇ ನಲ್ಲಿಯಿದ್ದ ದೊಡ್ಡಬೀದಿಗೇ ಬರೆದುಕೊಂಡರು. ನಾನು ಕೂಟ ಮುಗಿಯುತ್ತಾ ಬರುವವರೆಗೆ ಕಾದೆ. ಯಾರೂ ಕೇಳುವುದಿಲ್ಲ ಎಂದು ಖಾತ್ರಿಯಾಯಿತು.

ಚರಂಡಿ ದಾಟಿ ಹೋಗಿ, ನಿಲ್ಲಲಿಲ್ಲ, ಮೇಡೆಯ ಅಂಚಿನಲ್ಲಿ ಕೂರಲು ಹೋದೆ. ಅಲ್ಲಿ ಜಾಗವಿರಲಿಲ್ಲ. ಕೂತಿದ್ದ ಇಬ್ಬರು ನನ್ನನ್ನು ನೋಡಿದರು, ಒಬ್ಬರನ್ನೊಬ್ಬರು ನೋಡಿದರು. ಆಮೇಲೆ ಒಂದೊಂದು ಗೇಣು ಆಚೆಗೆ ಜರುಗಿದರು. ಬಿಸಿಲಿಗೆ ಕಾದ ಕಲ್ಲು ಬೆಚ್ಚಗಿತ್ತು. ಹಿಂದೆ ತಿರುಗಿ ನೋಡಿದೆ. ಕೊಡವನ್ನು ಕೆಳಗಿಟ್ಟು ಇನ್ನೂ ಇಬ್ಬರು ಹೆಂಗಸರು ಚರಂಡಿಯ ಹತ್ತಿರ ಸೀರೆ ಎತ್ತಿ ಹಿಡಿದು ಕಾಲಿಡುತ್ತಿದ್ದರು. ಅವರು ಬಂದು ಕೂರುವವರೆಗೆ ನಾನು ಬಾಯಿ ತೆರೆಯಲಿಲ್ಲ.